ಮೆತೋದಿ ವಾಪಸ್ ಕೇಳಿದ ಸೋಡ

ನಮ್ಮ ಲೋಮ್ ಊರಿನಲ್ಲಿ ಕೊಟ್ಟ ವಸ್ತುವನ್ನು ಬಾಯಿಬಿಟ್ಟು ವಾಪಸ್ ಕೇಳುವ ಪದ್ಧತಿ ಇಲ್ಲ. ಏಣಿ ಕೊಟ್ಟವನು ಸಹ ಏಣಿ ಕೇಳುವುದಿಲ್ಲ. ಬಂದು ಬಾಗಿಲಲ್ಲಿ ನಿಂತು, ತನ್ನ ಮನೆಯ ಬಲ್ಬು ಹೋಗಿದೆ ಎಂದು ಹೇಳಿ, ನಿಟ್ಟುಸಿರು ಬಿಟ್ಟು ಹೋಗುತ್ತಾನೆ. ಏಣಿ ಇಟ್ಟುಕೊಂಡವನು ಅಷ್ಟರಲ್ಲೇ ಅರ್ಥಮಾಡಿಕೊಳ್ಳಬೇಕು. ಹೀಗಿರುವಾಗ ಮೆತೋದಿ ಗಾಗೋವ್ ತಾನೇ ಮನೆಮನೆಗೆ ಹೋಗಿ ಹಂಚಿದ ಕಾಸ್ಟಿಕ್ ಸೋಡವನ್ನು, ಎರಡು ತಿಂಗಳು ತುಂಬುವುದರೊಳಗೆ, ತಾನೇ ಮನೆಮನೆಗೆ ಹೋಗಿ ವಾಪಸ್ ಕೇಳಿದ ಎಂದರೆ ನಮ್ಮ ಕಟ್ಟಡದ ಜನ ಸಂಶಯಪಟ್ಟದ್ದರಲ್ಲಿ ತಪ್ಪೇನಿದೆ?

ಮೆತೋದಿ ಎರಡನೇ ಮಹಡಿಯಲ್ಲಿ ಹೆಂಡತಿ ನೆವೆನಾಳೊಡನೆ ಇದ್ದ. ನಿವೃತ್ತನಾಗುವವರೆಗೂ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿದವನು. ಆ ಕೆಲಸ ಮನುಷ್ಯನ ರಕ್ತಕ್ಕೇ ಇಳಿದುಬಿಡುತ್ತದೆ. ಕೈಗೆ ಏನು ಕೊಟ್ಟರೂ ತಿರುಗಿಸಿ ಅದರ ಬೆನ್ನು ನೋಡುತ್ತಿದ್ದ, ಮದುವೆಯ ಕರೆಯೋಲೆ ಕೊಟ್ಟರೂ ಅಷ್ಟೆ, ಬ್ರೆಡ್ಡಿನ ತುಂಡು ಕೊಟ್ಟರೂ ಅಷ್ಟೆ. ಜೀವಮಾನವೆಲ್ಲ ಬೇರೆಯವರನ್ನು ಅನುಮಾನದಿಂದ ನೋಡಿ ಅವನಿಗೆ ಅಭ್ಯಾಸವಾಗಿತ್ತು. ಬೇರೆಯವರು ತನ್ನನ್ನು ಹಾಗೆ ನೋಡಿಯಾರು ಎಂಬ ಕಲ್ಪನೆ ಮಾತ್ರ ಕನಸಿನಲ್ಲೂ ಬಂದಿರಲಿಲ್ಲ.

ಅವನು ಕಟ್ಟಡದ ಮೇಲ್ವಿಚಾರಕನಾದದ್ದು ಆ ಬೇಸಿಗೆಯಲ್ಲಿ. ಆ ಪದವಿ ಯಾರಿಗೂ ಬೇಡ. ಮೆಟ್ಟಿಲ ದೀಪ ಕೆಟ್ಟರೆ ಬೈಸಿಕೊಳ್ಳುವುದು, ಸೂರು ಸೋರಿದರೆ ಬೈಸಿಕೊಳ್ಳುವುದು, ಇಷ್ಟೇ ಅದರ ಅಧಿಕಾರ. ನಿವಾಸಿಗಳ ಸಭೆ ನಡೆಯುತ್ತಿದ್ದಾಗ ಮೆತೋದಿ ಫೋನ್ ಬಂತೆಂದು ಹೊರಗೆ ಹೋದ. ಒಳಗೆ ಬರುವಷ್ಟರಲ್ಲಿ ಸರ್ವಾನುಮತದಿಂದ ಆಯ್ಕೆಯಾಗಿದ್ದ. ಬೇರೆ ಯಾರಾಗಿದ್ದರೂ ಹಣೆ ಚಚ್ಚಿಕೊಳ್ಳುತ್ತಿದ್ದರು. ಮೆತೋದಿಯ ಕಣ್ಣಲ್ಲಿ ನೀರು ಬಂತು. ಮರುದಿನದಿಂದ ಕಸದ ಬಕೆಟ್ಟು ಇಳಿಸುವುದಕ್ಕೂ ಟೈ ಕಟ್ಟಿಕೊಂಡು ಹೋಗತೊಡಗಿದ. ಕಸಕ್ಕೆ ಇಷ್ಟು ಮರ್ಯಾದೆ ಯಾಕೆ ಎಂದು ನೆವೆನಾ ಕೇಳಿದ್ದಕ್ಕೆ, ಮರ್ಯಾದೆ ಕಸಕ್ಕಲ್ಲ, ಹುದ್ದೆಗೆ ಎಂದನಂತೆ.

ಸೆಪ್ಟೆಂಬರ್ ಬಂತು. ನಮ್ಮಲ್ಲಿ ಸೆಪ್ಟೆಂಬರ್ ಎಂದರೆ ಕೆಂಪು ದೊಣ್ಣೆಮೆಣಸಿನಕಾಯಿ. ಪ್ರತಿ ಬಾಲ್ಕನಿಯಲ್ಲೂ ಸುಡುವವರೇ, ಪ್ರತಿ ಅಡುಗೆಮನೆಯಲ್ಲೂ ಸಿಪ್ಪೆ ಸುಲಿಯುವವರೇ. ಆ ಸಿಪ್ಪೆ, ಆ ಬೀಜ, ಆ ಎಣ್ಣೆ ಎಲ್ಲ ತೊಟ್ಟಿಯ ಕೊಳವೆಯೊಳಗೆ ಇಳಿದು, ಎಲ್ಲೋ ನಡುವೆ ಗಟ್ಟಿಯಾಗಿ ಕೂತು, ಕೊನೆಗೆ ಕೆಳಗಿನ ಮನೆಯ ಕೇರಾ ಅಜ್ಜಿಯ ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ಮೇಲೆದ್ದವು. ಕೇರಾ ಅಜ್ಜಿ ಒಂದು ಸೌಟಿನ ತುಂಬ ಸಿಪ್ಪೆ ಹಿಡಿದುಕೊಂಡು ಮಹಡಿ ಮಹಡಿ ಹತ್ತಿದಳು. ಪ್ರತಿ ಬಾಗಿಲಲ್ಲೂ ಸೌಟನ್ನು ಮನೆಯೊಡತಿಯ ಮೂಗಿನ ಹತ್ತಿರ ಒಯ್ದು, ಇದು ಯಾರ ಮನೆಯ ಸಿಪ್ಪೆ ಎಂದು ತನಗೆ ಗೊತ್ತು, ಆದರೆ ಹೇಳುವುದಿಲ್ಲ ಎಂದಳು. ಎಲ್ಲರೂ ಅದು ಎದುರು ಮನೆಯವರದು ಎಂದುಕೊಂಡರು.

ಹೊಸ ಮೇಲ್ವಿಚಾರಕನಿಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಯಾವುದಿದೆ? ಮೆತೋದಿ ಟೈ ಬಿಗಿದುಕೊಂಡು ಸಾಮಾನಿನ ಅಂಗಡಿಗೆ ಹೋಗಿ, ಕೊಳವೆ ಬಿಡಿಸುವ ಕಾಸ್ಟಿಕ್ ಸೋಡದ ದೊಡ್ಡ ಬಕೆಟ್ಟನ್ನು ಹೊತ್ತು ತಂದ. ನೀಲಿ ಮುಚ್ಚಳ, ಒಳಗೆ ಬಿಳಿ ಚಕ್ಕೆ. ಬಕೆಟ್ಟಿನ ಮೇಲೆ ಯಾವ ಭಾಷೆಯಲ್ಲಿ ಬರೆದಿತ್ತೋ ನಮಗಾರಿಗೂ ತಿಳಿಯಲಿಲ್ಲ; ಆದ್ದರಿಂದ ಅದು ಜರ್ಮನ್ ಮಾಲು ಎಂದು ಮೆತೋದಿ ತೀರ್ಮಾನಿಸಿದ. ನೆವೆನಾ ಹುಳಿಚೆರ್ರಿ ತುಂಬಿಡುತ್ತಿದ್ದ ಖಾಲಿ ಗಾಜಿನ ಜಾಡಿಗಳನ್ನು ಅವಳಿಗೆ ಹೇಳದೆ ತೆಗೆದು, ಚಕ್ಕೆ ತುಂಬಿ, ಚೆರ್ರಿಯ ಚಿತ್ರವಿದ್ದ ತಿರುಗು ಮುಚ್ಚಳ ಬಿಗಿದು, ಕೆಳಗಿನಿಂದ ಶುರುಮಾಡಿ ಮನೆಗೊಂದರಂತೆ ಹಂಚಿದ. ಒಂದೊಂದು ಬಾಗಿಲಲ್ಲೂ ಸಣ್ಣ ಭಾಷಣವಿತ್ತು. ಇದು ಬೀದಿಯಲ್ಲಿ ಸಿಗುವ ಸೋಡ ಅಲ್ಲ, ಜರ್ಮನಿಯವರು ತಮಗಾಗಿಯೇ ಮಾಡಿಕೊಂಡದ್ದು, ತಾನು ಪರಿಚಯದವರ ಮೂಲಕ ತರಿಸಿದೆ ಎಂದೆಲ್ಲ ಹೇಳಿದ. ಖಾಲಿ ಬಕೆಟ್ಟಿಗೆ ಮಣ್ಣು ತುಂಬಿ ಬಾಗಿಲ ಮುಂದೆ ಜೆರೇನಿಯಂ ಗಿಡ ನೆಟ್ಟ.

ನಾನಿರುವುದು ನಾಲ್ಕನೇ ಮಹಡಿ. ಅಲ್ಲಿಗೆ ಬರುವ ಹೊತ್ತಿಗೆ ಸೋಡ ಮುಗಿದಿತ್ತು. ಆದ್ದರಿಂದ ಈ ಕಥೆಯನ್ನು ನಾನು ನಿಷ್ಪಕ್ಷಪಾತವಾಗಿ ಹೇಳಬಲ್ಲೆ. ಏನೂ ಸಿಗದವರಷ್ಟು ನಿಷ್ಪಕ್ಷಪಾತಿಗಳು ಇನ್ನಾರೂ ಇಲ್ಲ.

ಅಕ್ಟೋಬರ್ ಕೊನೆಯ ಒಂದು ಬೆಳಿಗ್ಗೆ ಮೆತೋದಿ ಕಾಫಿ ಕುಡಿಯುತ್ತಿದ್ದ. ರೇಡಿಯೋದಲ್ಲಿ ಒಂದು ಪ್ರಕಟಣೆ ಬಂತು. ನೀಲಿ ಮುಚ್ಚಳದ ಇಂಥ ಬಕೆಟ್ಟಿನ ಕಾಸ್ಟಿಕ್ ಸೋಡವನ್ನು ಮಾರುಕಟ್ಟೆಯಿಂದ ವಾಪಸ್ ಪಡೆಯಲಾಗುತ್ತಿದೆ. ಅದಕ್ಕೆ ಮಕ್ಕಳು ತೆರೆಯಲಾಗದ ಮುಚ್ಚಳ ಇಲ್ಲ. ಚಕ್ಕೆ ಬಾಯಿಗೆ ಹೋದರೆ ನಾಲಿಗೆ, ಗಂಟಲು, ಹೊಟ್ಟೆ ಸುಟ್ಟುಹೋಗುತ್ತವೆ. ಕೊಂಡವರು ಮಕ್ಕಳ ಕೈಗೆ ಸಿಗದಂತೆ ಇಟ್ಟು ಕೂಡಲೇ ಅಂಗಡಿಗೆ ಮರಳಿಸಬೇಕು. ನೆವೆನಾ ರೇಡಿಯೋ ನೋಡಿದಳು, ಆಮೇಲೆ ಜೆರೇನಿಯಂ ಗಿಡ ನೋಡಿದಳು, ಕೊನೆಗೆ ಗಂಡನನ್ನು ನೋಡಿದಳು.

"ಎಲ್ಲರ ಮನೆಗೂ ಹೋಗಿ, ತಪ್ಪಾಯ್ತು, ವಾಪಸ್ ಕೊಡಿ ಅನ್ನು. ಅಷ್ಟೇ ತಾನೆ," ಎಂದಳು.

"ಅಷ್ಟೇ ಅಲ್ಲ ಕಣೆ. ಜರ್ಮನ್ ಮಾಲು ಅಂದಿದೀನಿ."

"ಹೌದು. ಜರ್ಮನ್ ಮಾಲೇ ತಪ್ಪಾಯ್ತು ಅನ್ನು."

ಹುದ್ದೆಗೆ ಬಂದ ಮೊದಲ ವರ್ಷವೇ ತಪ್ಪಾಯ್ತು ಅಂದರೆ ಮುಂದೆ ಯಾರು ಮಾತು ಕೇಳುತ್ತಾರೆ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಮೆತೋದಿ ಯೋಚಿಸಿದ. ಯೋಚಿಸಿ ಕಂಡುಹಿಡಿದ ಉಪಾಯವೆಂದರೆ, ಹಂಚುವಾಗ ತೂಕದಲ್ಲಿ ಹೆಚ್ಚುಕಡಿಮೆ ಆಗಿದೆ, ಎಲ್ಲರಿಗೂ ಸಮನಾಗಿ ಮತ್ತೆ ತೂಗಿ ಕೊಡಬೇಕು ಎಂದು ಹೇಳುವುದು. ನಮ್ಮ ಕಟ್ಟಡದಲ್ಲಿ ಇದಕ್ಕಿಂತ ಅಪಾಯದ ಮಾತು ಇನ್ನೊಂದು ಇರಲಿಲ್ಲ. ತೂಕದಲ್ಲಿ ಹೆಚ್ಚುಕಡಿಮೆ ಆಗಿದೆ ಎಂದರೆ, ತನಗೇ ಕಡಿಮೆ ಬಂದಿದೆ ಎಂದು ಪ್ರತಿಯೊಬ್ಬರೂ ತಿಳಿದರು. ಹಾಗಿದ್ದರೆ ವಾಪಸ್ ಕೇಳುವುದೇಕೆ? ತಮಗೇ ಹೆಚ್ಚು ಬಂದಿರಬೇಕು ಎಂದು ಮರುಕ್ಷಣ ತಿಳಿದರು. ಎರಡು ದಾರಿಯಲ್ಲಿ ಯಾವುದನ್ನು ಹಿಡಿದರೂ ಜಾಡಿ ಕೊಡಬಾರದು ಎಂಬಲ್ಲಿಗೇ ಬಂದು ನಿಂತರು.

ಮೊದಲು ಕೇರಾ ಅಜ್ಜಿಯ ಬಾಗಿಲು. ಅವಳು ಬಾಗಿಲನ್ನು ಸರಪಳಿಯಷ್ಟೇ ತೆರೆದು, ಮೂಗು ಮಾತ್ರ ಹೊರಗಿಟ್ಟು ಕೇಳಿಸಿಕೊಂಡಳು. ಸೋಡ ಖಾಲಿಯಾಯ್ತು ಎಂದಳು. ಎಲ್ಲವೂ ಖಾಲಿಯಾಯ್ತೇ ಎಂದು ಮೆತೋದಿ ಕೇಳಿದ. ನಿಜಕ್ಕೂ ಅವಳು ಚಮಚದಷ್ಟೂ ತೆಗೆದಿರಲಿಲ್ಲ. ಕ್ರಿಸ್‌ಮಸ್ಸಿಗೆ ಮಗ ಹಂದಿ ಕಡಿಯುವವನಿದ್ದ. ಅದರ ಕೊಬ್ಬಿನಲ್ಲಿ ಸಾಬೂನು ಕಾಯಿಸಲು ಜಾಡಿಯನ್ನು ಮಂಚದ ಕೆಳಗೆ ಕೂಡಿಟ್ಟಿದ್ದಳು.

"ಕೊಟ್ಟ ಮೇಲೆ ಅದು ನಂದು. ನಾನು ಅದನ್ನ ತಿಂತೀನಿ, ಬಿಡ್ತೀನಿ, ನಿಂಗೇನಪ್ಪ?" ಎಂದಳು ಅಜ್ಜಿ.

ತಿಂತೀನಿ ಎಂಬ ಮಾತು ಕೇಳಿ ಮೆತೋದಿಯ ಮುಖ ಬಿಳಿಚಿತು. ಅಜ್ಜಿ ಅದನ್ನು ಗಮನಿಸಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ಇವನೇಕೆ ಬೆಚ್ಚಿದ ಎಂದು ಅವಳಿಗೆ ಆಗಲೇ ಅನುಮಾನ.

ಮೂರನೇ ಮಹಡಿಯಲ್ಲಿ ಇಂಜಿನಿಯರ್ ವರ್ಬಾನೋವ್. ಅವರು ಹಿಂದೆ ಬಂದರಿನ ಕ್ರೇನ್‌ಗಳನ್ನು ನೋಡಿಕೊಳ್ಳುತ್ತಿದ್ದವರು. ಈಗ ಲೋಕವನ್ನೆಲ್ಲ ನೋಡಿಕೊಳ್ಳುತ್ತಿದ್ದರು. ಮೆತೋದಿಯನ್ನು ಕೂರಿಸಿ, ದ್ರಾಕ್ಷಿಯಿಂದ ಇಳಿಸಿದ ರಕಿಯಾ ಮದ್ಯ ಕೊಟ್ಟು, ಮಾತಾಡಿಸಿ ಮಾತಾಡಿಸಿ, ಜಾಡಿಯ ವಿಷಯ ಬಂದಾಗಲೆಲ್ಲ ಇನ್ನೊಂದು ಗ್ಲಾಸು ತುಂಬಿಸಿದರು. ಅವನು ಹೋದಮೇಲೆ ಮೆಟ್ಟಿಲಲ್ಲಿ ಸಿಕ್ಕವರಿಗೆಲ್ಲ ಅವರು ಹೇಳಿದ್ದು ಇದು: ಕಂಪನಿಯವರು ತಾವಾಗಿ ಮಾಲು ವಾಪಸ್ ಕೇಳುವುದು ಪ್ರಪಂಚದಲ್ಲಿ ಒಂದೇ ಕಾರಣಕ್ಕೆ, ತಪ್ಪಿ ಒಳ್ಳೆಯದನ್ನು ಕೊಟ್ಟುಬಿಟ್ಟಾಗ. ರೇಡಿಯೋದಲ್ಲಿ ಏನೋ ಹೇಳಿದರು ಎಂದು ಯಾರೋ ನೆನಪಿಸಿದರು. ಅದೇ ಮತ್ತೆ, ರೇಡಿಯೋದಲ್ಲಿ ಹೇಳುವಷ್ಟು ಬೆಲೆಬಾಳುತ್ತದೆ ಎಂದಾಯಿತು ಎಂದರು ವರ್ಬಾನೋವ್. ಬ್ಯಾಟರಿಗೆ ಹಾಕುವ ಯಾವುದೋ ಅಪರೂಪದ ಖನಿಜ ಈ ಚಕ್ಕೆಯಲ್ಲಿ ಬೆರೆತುಹೋಗಿರಬೇಕು ಎಂಬುದು ಅವರ ಸಿದ್ಧಾಂತ. ಮಕ್ಕಳ ಮುಚ್ಚಳ ಎನ್ನುವುದೆಲ್ಲ ನೆಪ.

ವರ್ಬಾನೋವ್ ಅವರ ಎದುರು ಮನೆಯಲ್ಲಿ ಇಸ್ಕ್ರಾ ಎಂಬ ಹುಡುಗಿ, ಗಂಡ ದೂರದ ಲಾರಿ ಓಡಿಸುತ್ತಾನೆ, ಮೂರು ವರ್ಷದ ಮಗಳು ಬಿಲ್ಯಾನಾ. ಇಡೀ ಕಟ್ಟಡದಲ್ಲಿ ಮೆತೋದಿಯ ಮಾತು ಮುಗಿಯುವ ಮೊದಲೇ ಜಾಡಿ ತಂದು ಕೈಗಿಟ್ಟವಳು ಅವಳೊಬ್ಬಳೇ. ಅವಳು ಅಷ್ಟು ಬೇಗ ಕೊಟ್ಟಳಲ್ಲ ಎಂದು ಮೆತೋದಿಗೇ ಅನುಮಾನ ಬಂತು. ಜಾಡಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

ಸಂಜೆಯೊಳಗೆ ಕಟ್ಟಡದ ಬುದ್ಧಿ ಒಂದು ದಾರಿಗೆ ಬಂತು. ಜಾಡಿ ಕೊಡದೆ ಇದ್ದರೆ ಈ ಟೈ ಕಟ್ಟಿದ ಮನುಷ್ಯ ದಿನಾ ಬಾಗಿಲು ಬಡಿಯುತ್ತಾನೆ. ಕೊಟ್ಟರೆ ಖನಿಜ ಹೋಗುತ್ತದೆ. ಈ ಹೊತ್ತಿಗೆ ಸರಿಯಾಗಿ, ಚಳಿಗಾಲಕ್ಕೆಂದು ಕೋಸನ್ನು ಪೀಪಾಯಿಯ ಉಪ್ಪುನೀರಿನಲ್ಲಿ ಹುಳಿ ಹಾಕುವ ವಾರ ಬಂದಿತ್ತು. ಎಲ್ಲರ ಮನೆಯಲ್ಲೂ ಮೂಟೆಯಲ್ಲಿ ದಪ್ಪ ಉಪ್ಪು, ಜಾಡಿಗಳಲ್ಲಿ ದಪ್ಪ ಉಪ್ಪು. ಯಾರಿಗೆ ಮೊದಲು ಹೊಳೆಯಿತೋ ಗೊತ್ತಿಲ್ಲ. ಯಾರೂ ಯಾರಿಗೂ ಹೇಳಿಕೊಡಲಿಲ್ಲ ಎಂಬುದಂತೂ ನಿಜ, ಯಾಕೆಂದರೆ ಯಾರೂ ಯಾರನ್ನೂ ನಂಬುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಮಾತ್ರ ಬಾಗಿಲು ಬಾಗಿಲಿನಿಂದಲೂ ಜಾಡಿಗಳು ಬಂದವು. ಚೆರ್ರಿಯ ಮುಚ್ಚಳ, ಒಳಗೆ ಬಿಳಿ, ಮೇಲೆ ಒಂದು ದೊಡ್ಡ ನಗು. ಕೇರಾ ಅಜ್ಜಿ ಕೂಡ, ಹುಡುಕಿದೆ, ಸಿಕ್ಕಿತು ನೋಡಪ್ಪ ಎಂದು ಕೊಟ್ಟಳು. ಮೆತೋದಿ ಒಂದೊಂದನ್ನೂ ಬೆಳಕಿಗೆ ಹಿಡಿದ, ತಲೆಕೆಳಗು ಮಾಡಿ ತಳ ನೋಡಿದ, ಸರಿಯಾಗಿದೆ ಎಂದು ತಲೆದೂಗಿ ಚೀಲಕ್ಕಿಟ್ಟ. ಇಷ್ಟು ವರ್ಷ ಅವನ ಕೈಯಿಂದ ಎಷ್ಟು ಸುಳ್ಳು ಟಿಕೆಟ್ಟುಗಳು ಪಾರಾಗಿ ಹೋಗಿರಬಹುದು ಎಂದು ನನಗೆ ಆಮೇಲೆ ಯೋಚನೆಯಾಯಿತು.

ಅಂಗಡಿಯಲ್ಲಿ ಮೇಜಿನ ಹಿಂದೆ ಮಾರಾಟದ ಹುಡುಗಿ ವಾನ್ಯಾ ಇದ್ದಳು. ಮೆತೋದಿ ಜಾಡಿಗಳನ್ನು ಸಾಲಾಗಿ ಇಟ್ಟು, ವಾಪಸ್ ತಗೊಳ್ಳಿ ಎಂದ. ವಾನ್ಯಾ ಚೆರ್ರಿಯ ಚಿತ್ರ ನೋಡಿದಳು. ಬಕೆಟ್ಟೆಲ್ಲಿ ಎಂದಳು. ಅದರಲ್ಲಿ ಜೆರೇನಿಯಂ ಇದೆ ಎಂದ.

"ಮುಚ್ಚಳ ಆದ್ರೂ ತಂದಿದೀರಾ? ಮುಚ್ಚಳ ಸರಿಯಿಲ್ಲ ಅಂತಾನೇ ವಾಪಸ್ ತಗೊಳ್ತಿರೋದು."

"ಮುಚ್ಚಳ ಸರಿಯಿಲ್ಲ ಅಂತ ಬಿಸಾಕಿದೆ."

"ಮತ್ತೆ ಈಗ ಇದಕ್ಕೆ ಹಾಕಿರೋದು ಸರಿಯಾದ ಮುಚ್ಚಳಾನಾ?"

ಮೆತೋದಿಗೆ ಆ ಪ್ರಶ್ನೆ ಮೊದಲ ಸಲ ತಲೆಗೆ ಹೊಕ್ಕಿತು. ನೀಲಿ ಮುಚ್ಚಳವನ್ನು ಮಗು ತೆರೆಯಬಹುದು ಎಂದು ದೇಶವೇ ಹೆದರಿದೆ. ತಾನು ಅದನ್ನು ಕಿತ್ತು, ಮಗುವಿಗೆ ಇಷ್ಟವಾಗುವ ಹಣ್ಣಿನ ಚಿತ್ರದ ಮುಚ್ಚಳ ಹಾಕಿ, ಮಗು ಇರುವ ಮನೆಗೂ ತಾನೇ ಒಯ್ದು ಕೊಟ್ಟಿದ್ದೇನೆ. ಅವನು ಬಾಯಿ ತೆರೆದು ಮುಚ್ಚಿದ. ವಾನ್ಯಾಗೆ ಅದು ಕಳ್ಳನ ಲಕ್ಷಣದಂತೆ ಕಂಡಿತು. ಒಂದು ಲೋಟ ನೀರು ತಂದು, ಜಾಡಿಯಿಂದ ಒಂದು ಚಮಚ ಬಿಳಿ ಸುರಿದು, ಹೊರಗಿನಿಂದ ಮುಟ್ಟಿ ನೋಡಿದಳು. ಕಾಸ್ಟಿಕ್ ಆಗಿದ್ದರೆ ಲೋಟ ಬಿಸಿಯಾಗಬೇಕು. ಆಗಲಿಲ್ಲ. ಇನ್ನೊಂದು ಜಾಡಿ, ಮತ್ತೊಂದು ಜಾಡಿ. ನೀರು ತಣ್ಣಗೇ ಇತ್ತು.

"ಉಪ್ಪಿಗೆ ನಮ್ಮಲ್ಲಿ ವಾಪಸಾತಿ ಇಲ್ಲ," ಎಂದಳು ವಾನ್ಯಾ. ಮಿಕ್ಕ ಜಾಡಿಗಳನ್ನು ನೋಡುವ ಗೋಜಿಗೂ ಹೋಗದೆ ಚೀಲವನ್ನು ಅವನ ಕಡೆ ತಳ್ಳಿದಳು. ಅವನು ಬಾಗಿಲು ದಾಟುವ ಮೊದಲೇ ಫೋನ್ ಎತ್ತಿದಳು.

ಬೀದಿಯಲ್ಲಿ ಮೆತೋದಿಗೆ ಮೊದಲು ಬಂದದ್ದು ಸಿಟ್ಟು. ನೆರೆಹೊರೆಯವರು ತನ್ನನ್ನು ಹೀಗೆ ಮಂಗ ಮಾಡಿದರಲ್ಲ ಎಂಬ ಸಿಟ್ಟು. ಚರ್ಚಿನ ತಿರುವಿನವರೆಗೂ ಆ ಸಿಟ್ಟಿನಲ್ಲೇ ನಡೆದ. ಅಲ್ಲಿ ಹೆಂಗಸೊಬ್ಬಳು ಕೈಗಾಡಿಯಲ್ಲಿ ಕೋಸಿನ ಗಡ್ಡೆಗಳನ್ನು ತಳ್ಳಿಕೊಂಡು ಹೋಗುತ್ತಿದ್ದಳು. ಅದನ್ನು ಕಂಡದ್ದೇ ಕಾಲು ನಿಂತಿತು. ಉಪ್ಪು ಇಲ್ಲಿ ಚೀಲದಲ್ಲಿದೆ ಎಂದರೆ ಸೋಡ ಅಲ್ಲಿ ಮನೆಗಳಲ್ಲಿದೆ. ಉಪ್ಪಿದ್ದ ಜಾಡಿಗಳಿಗೇ ಅದನ್ನು ಸುರಿದಿರಬೇಕು, ಅದೇ ಬಿಳಿ, ಬಹುಶಃ ಅದೇ ಕಪಾಟು. ಈ ವಾರ ಎಲ್ಲರೂ ಪೀಪಾಯಿಗೆ ಮುಷ್ಟಿಗಟ್ಟಲೆ ಉಪ್ಪು ಹಾಕುತ್ತಾರೆ. ಯಾವ ಜಾಡಿಯಿಂದ ಹಾಕುತ್ತಾರೆ?

ಅವನು ಓಡಿದ. ಟೈ ಹೆಗಲ ಮೇಲೆ ಹಾರುತ್ತಿತ್ತು, ಜಾಡಿಗಳು ಚೀಲದಲ್ಲಿ ಗಣಗಣ ಎನ್ನುತ್ತಿದ್ದವು. ಅವನನ್ನು ಹಾಗೆ ನೋಡಿದವರು ಯಾರ ಮನೆಯದೋ ಉಪ್ಪಿನಕಾಯಿ ಕದ್ದು ಓಡುತ್ತಿದ್ದಾನೆ ಎಂದೇ ತಿಳಿದರಂತೆ.

ಕಟ್ಟಡದೊಳಗೆ ಬಂದು, ಚೀಲವನ್ನು ಮೆಟ್ಟಿಲ ಬುಡದಲ್ಲಿ ಇಟ್ಟು, ತಲೆ ಎತ್ತಿ ಎಲ್ಲ ಮಹಡಿಗಳಿಗೂ ಕೇಳುವಂತೆ ಕೂಗಿದ. ಜನ ಇಳಿದು ಬಂದರು. ನಾನೂ ಬಂದೆ. ಮೆತೋದಿ ಏದುಸಿರು ಬಿಡುತ್ತಲೇ ಎಲ್ಲವನ್ನೂ ಹೇಳಿದ. ತೂಕದ ಮಾತು ಸುಳ್ಳು, ಜರ್ಮನ್ ಎಂದದ್ದು ಸುಳ್ಳು, ಪರಿಚಯದವರು ಎಂದದ್ದು ಸುಳ್ಳು. ಅದು ವಿಷ, ಮುಚ್ಚಳ ಸರಿಯಿಲ್ಲ, ದಯವಿಟ್ಟು ತಂದುಕೊಡಿ ಎಂದ. ಅಷ್ಟು ಸ್ವಚ್ಛವಾದ ಸತ್ಯವನ್ನು ನಮ್ಮ ಮೆಟ್ಟಿಲುಗಳು ಅದುವರೆಗೆ ಕೇಳಿರಲಿಲ್ಲ. ಒಬ್ಬರೂ ನಂಬಲಿಲ್ಲ.

"ನಿನ್ನೆ ತೂಕ ಅಂದೆ, ಇವತ್ತು ವಿಷ ಅಂತೀಯ," ಎಂದಳು ಕೇರಾ ಅಜ್ಜಿ. "ನಾಳೆ ಏನಂತೀಯ ಅಂತ ಈಗ್ಲೇ ಹೇಳ್ಬಿಡು, ಕಾಯೋದು ತಪ್ಪುತ್ತೆ."

ತಾನು ಕೊಟ್ಟದ್ದು ನಿಜವಾದ ಸೋಡವೇ ಎಂದು ಇಸ್ಕ್ರಾ ಹೇಳಿದಳು. ಮಗುವನ್ನು ಕೊನೆಯ ಮೆಟ್ಟಿಲ ಮೇಲೆ ಕೂರಿಸಿ, ನನ್ನ ಮಾತನ್ನಾದರೂ ಕೇಳಿ ಎಂದು ಅಂಗಲಾಚಿದಳು. ಚಿಕ್ಕವಳು, ಇವಳಿಗೇನು ಗೊತ್ತು ಎಂಬಂತೆ ಎಲ್ಲರೂ ಅವಳ ತಲೆಯ ಮೇಲಿಂದ ನೋಡಿದರು. ವರ್ಬಾನೋವ್ ಸಾಹೇಬರು ಪಕ್ಕದವರ ಕಿವಿಯಲ್ಲಿ, ಬೆಲೆ ಏರಿದಾಗ ಮಾಡುವುದೇ ಹೀಗೆ, ಮೊದಲು ಹೆದರಿಸುತ್ತಾರೆ ಎಂದರು.

ಆಗಲೇ ಹೊರಗಿನ ಬಾಗಿಲು ತೆರೆದು, ಕೈಯಲ್ಲಿ ಚರ್ಮದ ಚೀಲ ಹಿಡಿದ ಹೆಂಗಸೊಬ್ಬಳು ಒಳಗೆ ಬಂದಳು. ಗ್ರಾಹಕರ ರಕ್ಷಣೆಯ ಕಚೇರಿಯ ತನಿಖಾಧಿಕಾರಿ, ಹಾಜಿಯೇವಾ. ವಾಪಸಾತಿಯ ಹೆಸರಿನಲ್ಲಿ ಒಬ್ಬ ಮನುಷ್ಯ ಉಪ್ಪು ಮಾರಲು ಬಂದಿದ್ದ ಎಂದು ಅಂಗಡಿಯಿಂದ ದೂರು ಹೋಗಿತ್ತು. ಅವಳು ಮೆತೋದಿಯನ್ನು ಟೈಯಿಂದಲೇ ಗುರುತು ಹಿಡಿದಳು. ಸರ್ಕಾರವೇ ನಡೆದು ಬಂದಿತೆಂದರೆ ಖನಿಜ ಇರುವುದು ಖಂಡಿತ ಎಂದು ನಮ್ಮವರಿಗೆ ಮನದಟ್ಟಾಯಿತು. ವರ್ಬಾನೋವ್ ಅವರ ಹುಬ್ಬುಗಳು ಕೂದಲಿನವರೆಗೆ ಏರಿದವು.

ಹಾಜಿಯೇವಾ ಒಬ್ಬೊಬ್ಬರನ್ನೇ ಕೇಳಿದಳು. ಈ ಮನುಷ್ಯ ನಿಮಗೆ ಕಾಸ್ಟಿಕ್ ಸೋಡ ಕೊಟ್ಟಿದ್ದಾನೆಯೇ? ಇಲ್ಲ ಎಂದಳು ಕೇರಾ ಅಜ್ಜಿ. ಇಲ್ಲವೇ ಇಲ್ಲ ಎಂದರು ವರ್ಬಾನೋವ್. ಸೋಡವೇ, ಹಾಗೆಂದರೇನು ಎಂದ ಎರಡನೇ ಮಹಡಿಯ ಇನ್ನೊಬ್ಬ. ಕೊಟ್ಟಿದ್ದಾನೆ ಎಂದು ಇಸ್ಕ್ರಾ ಒಬ್ಬಳೇ ಹೇಳಿದಳು. ಅಧಿಕಾರಿ ಅವಳನ್ನೂ ಅವನ ಜೊತೆಗಾರಳೋ ಏನೋ ಎಂಬಂತೆ ನೋಡಿದಳು. ಮೆತೋದಿ ಸ್ವಂತ ತಪ್ಪನ್ನು ಒಪ್ಪಿಕೊಳ್ಳಲು ಬೇಡಿಕೊಳ್ಳುತ್ತಿದ್ದ, ಆ ತಪ್ಪೊಪ್ಪಿಗೆಯನ್ನು ಕೇಳಿಸಿಕೊಳ್ಳಲು ಯಾರೂ ಸಿದ್ಧರಿರಲಿಲ್ಲ. ನೀವು ನಿಜಕ್ಕೂ ಸೋಡ ಕೊಂಡಿದ್ದೀರಾ ಎಂದು ಅಧಿಕಾರಿಯೂ ಅವನನ್ನೇ ಕೇಳಿದಳು.

ಮುಚ್ಚಳದ ಪ್ರಶ್ನೆ ಬಂದದ್ದು ಆಮೇಲೆ. ಹಾಜಿಯೇವಾ ತನ್ನ ಚೀಲದಿಂದ ಒಂದು ಖಾಲಿ ಡಬ್ಬಿ ತೆಗೆದು, ಸರಿಯಾದ ಮುಚ್ಚಳ ಎಂದರೆ ಇಂಥದು, ಒತ್ತಿ ಹಿಡಿದು ತಿರುಗಿಸಿದರೆ ಮಾತ್ರ ಬಿಡುತ್ತದೆ ಎಂದು ತೋರಿಸಿದಳು. ವರ್ಬಾನೋವ್ ಅದನ್ನು ಈಸಿಕೊಂಡು ತಿರುಗಿಸಿದರು. ಅದು ಕಟಕಟ ಎಂದಿತು, ಬಿಡಲಿಲ್ಲ. ಅವರ ಮುಖ ಕೆಂಪಾಯಿತು. ಇದು ಮುಚ್ಚಳವೇ ಅಲ್ಲ, ಬುದ್ಧಿ ಇರುವವರನ್ನು ಅವಮಾನ ಮಾಡುವ ಯಂತ್ರ ಎಂದರು. ಸಾಮಾನ್ಯ ತಿರುಗು ಮುಚ್ಚಳವೇ ಸಾಕು, ಅದನ್ನು ತೆರೆಯಲು ಬೇಕಾಗುವ ಬಲ ಮಗುವಿನ ಮಣಿಕಟ್ಟಿನಲ್ಲಿ ಇರುವುದಿಲ್ಲ, ಇದು ಲೆಕ್ಕ ಎಂದು ವಿವರಿಸತೊಡಗಿದರು. ಕೇರಾ ಅಜ್ಜಿಯೂ ಅವರ ಪಕ್ಷ ವಹಿಸಿದಳು. ತನ್ನ ಜಾಡಿಯನ್ನು ತೆರೆಯಬೇಕಾದರೆ ತಾನೇ ಚಾಕುವಿನಿಂದ ಬಡಿಯಬೇಕು, ಮಕ್ಕಳಿಂದ ಎಲ್ಲಾದರೂ ಆಗುವುದುಂಟೆ?

ಆಗ ಟಕ್ ಎಂದು ಒಂದು ಸಣ್ಣ ಸದ್ದಾಯಿತು.

ಮೆಟ್ಟಿಲ ಮೇಲೆ ಕೂತಿದ್ದ ಬಿಲ್ಯಾನಾ, ಪಕ್ಕದಲ್ಲಿದ್ದ ಚೀಲದಿಂದ ಒಂದು ಜಾಡಿ ಎಳೆದುಕೊಂಡು, ಎರಡು ಮೊಣಕಾಲುಗಳ ನಡುವೆ ಸಿಕ್ಕಿಸಿ, ಚೆರ್ರಿಯ ಮುಚ್ಚಳವನ್ನು ತಿರುಗಿಸಿ ತೆಗೆದಿದ್ದಳು. ನಾವು ತಿರುಗಿ ನೋಡುವಷ್ಟರಲ್ಲಿ ಅವಳ ಬೆರಳು ಬಾಯಿಯೊಳಗಿತ್ತು.

ಆ ಚೀಲದಲ್ಲಿ ಏನಿದೆಯೆಂದು ಜಾಡಿ ಕೊಟ್ಟ ಪ್ರತಿಯೊಬ್ಬರಿಗೂ ಅರ್ಧ ಗೊತ್ತಿತ್ತು. ತಾನು ಕೊಟ್ಟದ್ದು ಉಪ್ಪು ಎಂದು ಗೊತ್ತಿತ್ತು. ಬೇರೆಯವರು ಏನು ಕೊಟ್ಟಿದ್ದಾರೆ ಎಂದು ಗೊತ್ತಿರಲಿಲ್ಲ. ಆ ಜಾಡಿ ಯಾರದು? ವರ್ಬಾನೋವ್ ಕೈಯಲ್ಲಿ ಡಬ್ಬಿ ಹಿಡಿದುಕೊಂಡೇ ನಿಂತಿದ್ದರು. ಮೆತೋದಿ ಹಾರಿ ಬಂದು ಮಂಡಿಯೂರಿ ಬಿದ್ದ. ಮಗುವಿನ ಕೈಯನ್ನು ಬಾಯಿಂದ ಎಳೆದು, ಮರುಯೋಚನೆಯಿಲ್ಲದೆ ತನ್ನ ಕೈಯನ್ನೇ ಜಾಡಿಗೆ ಹಾಕಿ, ಬೊಗಸೆಯಷ್ಟು ತೆಗೆದು ಬಾಯಿಗೆ ತುಂಬಿಕೊಂಡ. ಬೇಡ ಎಂದು ಹಾಜಿಯೇವಾ ಕಿರುಚಿದಳು. ಅಷ್ಟರಲ್ಲಿ ಅವನು ಅಗಿದೂ ಆಗಿತ್ತು.

ಇಡೀ ಕಟ್ಟಡ ಅವನ ದವಡೆಯನ್ನು ನೋಡುತ್ತಿತ್ತು.

"ಉಪ್ಪು," ಎಂದ ಮೆತೋದಿ. ಅವನ ಕಣ್ಣಿಂದ ಧಾರಾಕಾರ ನೀರು ಹರಿಯುತ್ತಿತ್ತು. "ಉಪ್ಪೇ. ಒಳ್ಳೇ ಉಪ್ಪು."

ಬಿಲ್ಯಾನಾ ಮುಖ ಹಿಂಡಿ, ಚೀ ಎಂದು ಬೆರಳನ್ನು ಅವನ ಟೈಗೆ ಒರೆಸಿದಳು. ಇಸ್ಕ್ರಾ ಮಗುವನ್ನು ಎತ್ತಿಕೊಂಡು ಗೋಡೆಗೆ ಒರಗಿ, ಅವಳ ಬಾಯಿ ತೆರೆಸಿ ನೋಡಿದಳು.

ಹಾಜಿಯೇವಾ ಕೈಗವಸು ಹಾಕಿಕೊಂಡು, ನೀರು ತರಿಸಿ, ಚೀಲದಲ್ಲಿ ಉಳಿದ ಜಾಡಿಗಳನ್ನು ಒಂದೊಂದಾಗಿ ನೋಡಿದಳು. ಉಪ್ಪು. ಉಪ್ಪು. ಮಗುವಿನ ಮೊಣಕಾಲಿಗೆ ತಾಗಿಕೊಂಡಿದ್ದ, ಅವಳು ಎಳೆದ ಜಾಡಿಯ ಪಕ್ಕದಲ್ಲೇ ಇದ್ದ ಇನ್ನೊಂದರ ಚಮಚ ನೀರಿಗೆ ಬಿದ್ದಾಗ ಲೋಟದಿಂದ ಹಬೆ ಎದ್ದಿತು. ಅದು ಇಸ್ಕ್ರಾ ಕೊಟ್ಟ ಜಾಡಿ. ಎಲ್ಲರೂ ಆ ಹಬೆಯನ್ನು ನೋಡಿದೆವು. ಖನಿಜದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಮೊದಲು ಹೊರಟವಳು ಕೇರಾ ಅಜ್ಜಿ. ಯಾರ ಮುಖವನ್ನೂ ನೋಡದೆ ಮನೆಯೊಳಗೆ ಹೋಗಿ, ಮಂಚದ ಕೆಳಗಿಂದ ಜಾಡಿ ತಂದು ಅಧಿಕಾರಿಯ ಕಾಲ ಬಳಿ ಇಟ್ಟಳು. ಹಿಂದೆಯೇ ಉಳಿದವರು. ವರ್ಬಾನೋವ್ ಸಾಹೇಬರು ಚಕ್ಕೆಯನ್ನು ಸಾಸಿವೆಯ ಸಣ್ಣ ಸಣ್ಣ ಶೀಶೆಗಳಿಗೆ ತುಂಬಿ, ಬಟ್ಟೆ ಸುತ್ತಿ, ವೈನಿನ ಪೀಪಾಯಿಯ ಹಿಂದೆ ಅಡಗಿಸಿದ್ದರು. ಪ್ರಯೋಗಕ್ಕೆಂದು ಇಟ್ಟದ್ದು ಎಂದು ಗೊಣಗುತ್ತ ತಂದಿಟ್ಟರು. ಅಷ್ಟಕ್ಕೆ ನಿಲ್ಲಲಿಲ್ಲ. ಮನೆಯಲ್ಲಿ ಬೆಳ್ಳಗಿರುವ ಏನನ್ನು ಕಂಡರೂ ಜನರಿಗೆ ಅನುಮಾನವಾಗತೊಡಗಿತು. ಉಪ್ಪು ತಂದರು, ಸಕ್ಕರೆ ತಂದರು, ಒಬ್ಬಳು ಹಿಟ್ಟಿನ ಡಬ್ಬಿಯನ್ನೇ ಹೊತ್ತು ತಂದಳು. ಹಾಜಿಯೇವಾ ಕತ್ತಲಾಗುವವರೆಗೆ ಕೂತು ಚಮಚ ಅದ್ದಿ ಅದ್ದಿ ನೋಡಿದಳು. ನಡುನಡುವೆ ಮೆತೋದಿಯನ್ನು ಕರೆದು, ಗೊತ್ತಿಲ್ಲದ ಪುಡಿಯನ್ನು ಬಾಯಿಗೆ ಹಾಕಿಕೊಳ್ಳುವಂಥ ದಡ್ಡತನ ತನ್ನ ಸರ್ವೀಸಿನಲ್ಲೇ ನೋಡಿಲ್ಲ ಎಂದು ಬೈದಳು. ಮೂರನೆಯ ಸಲ ಬೈಯುವಾಗ ಅವನಿಗೆ ಕುಡಿಯಲು ನೀರನ್ನೂ ಕೊಟ್ಟಳು.

ಕೇರಾ ಅಜ್ಜಿಯ ವಿಷಯ ಒಂದು ಉಳಿದಿತ್ತು. ಅವಳು ಕೋಸಿನ ಪೀಪಾಯಿಗೆ ಆಗಲೇ ಉಪ್ಪು ಹಾಕಿಬಿಟ್ಟಿದ್ದಳು. ಯಾವ ಜಾಡಿಯಿಂದ ಎಂದು ಅವಳಿಗೇ ನೆನಪಿಲ್ಲ. ಸಾಬೂನಿಗೆಂದು ಇಟ್ಟ ಜಾಡಿ ಕಾಲು ಭಾಗ ಕಡಿಮೆಯಾಗಿತ್ತು. ಚೆಲ್ಲಿಬಿಡಿ ಎಂದಳು ಅಧಿಕಾರಿ. ಗಂಡ ಸತ್ತ ವರ್ಷವೂ ಕೋಸು ಹಾಕುವುದನ್ನು ಬಿಡದ ಅಜ್ಜಿ, ತುಟಿ ಕಚ್ಚಿಕೊಂಡು ಪೀಪಾಯಿಯ ನೀರನ್ನು ತೊಟ್ಟಿಗೆ ಬಸಿದಳು. ಸೆಪ್ಟೆಂಬರಿನಿಂದ ಸರಿಯಾಗಿ ಇಳಿಯದಿದ್ದ ಕೊಳವೆ ಒಂದು ಕ್ಷಣ ತಡೆದು, ಗೊಳಕ್ ಎಂದು ಎಲ್ಲವನ್ನೂ ನುಂಗಿತು. ಯಾವ ಜಾಡಿ ಎಂಬ ಪ್ರಶ್ನೆಗೆ ಕೊಳವೆಯೇ ಉತ್ತರ ಹೇಳಿತ್ತು. ಅಜ್ಜಿ ಶಿಲುಬೆಯ ಗುರುತು ಮಾಡಿಕೊಂಡಳು.

ಮುಂದಿನ ಭಾನುವಾರ ಸಭೆ ಕರೆದರು. ಮೆತೋದಿ ಮೇಲ್ವಿಚಾರಕನಾಗಿ ಮುಂದುವರಿಯಬೇಕೇ ಬೇಡವೇ ಎಂಬುದೊಂದೇ ವಿಷಯ. ಅವನು ಟೈ ಇಲ್ಲದೆ ಬಂದು ಹಿಂದಿನ ಕುರ್ಚಿಯಲ್ಲಿ ಕೂತ. ಇಳಿಯುವುದೇ ಸರಿ ಎಂದು ತಾನೇ ಹೇಳಿದ. ಸುಳ್ಳು ಹೇಳಿದವನು, ಬುದ್ಧಿಯಿಲ್ಲದವನು, ಕಟ್ಟಡವನ್ನೇ ಸಾಯಿಸುತ್ತಿದ್ದವನು ಎಂದು ಜನ ಒಬ್ಬರಾದ ಮೇಲೊಬ್ಬರು ಎದ್ದು ಹೇಳಿದರು. ಅವನು ಎಲ್ಲದಕ್ಕೂ ತಲೆ ಆಡಿಸಿದ. ಹಾಗಿದ್ದರೆ ಅವನ ಜಾಗಕ್ಕೆ ಯಾರು ಎಂಬ ಪ್ರಶ್ನೆ ಬಂತು. ಯಾರೋ ವರ್ಬಾನೋವ್ ಅವರ ಹೆಸರು ಹೇಳಿದರು. ಸಾಸಿವೆ ಶೀಶೆಗಳ ನೆನಪಾಗಿ ಆ ಹೆಸರನ್ನು ಅಲ್ಲಿಗೇ ಬಿಟ್ಟರು. ಇನ್ನೊಬ್ಬರ ಹೆಸರು ಬಂತು. ಅವರ ಮನೆಯಿಂದ ಅಂದು ಎರಡು ಸಲ ಬೇರೆ ಬೇರೆ ಜಾಡಿ ಬಂದದ್ದು ನೆನಪಾಯಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಕೇರಾ ಅಜ್ಜಿ ಕೋಲೂರಿ ಎದ್ದಳು.

"ಇವನೇ ಇರ್ಲಿ," ಎಂದಳು. "ಇವನ ತಪ್ಪೇನು ಅಂತ ನಮಗೆ ಗೊತ್ತಾಗಿದೆ. ನಿಮ್ಮೆಲ್ರದ್ದೂ ಇನ್ನೂ ಗೊತ್ತಾಗ್ಬೇಕು."

ಮೆತೋದಿ ಇರಲಿ ಎನ್ನುವವರು ಕೈ ಎತ್ತಿ ಎಂದರು. ಸಾಲು ಸಾಲಾಗಿ ಕೈಗಳು ಎದ್ದವು, ಇಸ್ಕ್ರಾ ತನ್ನ ಕೈಯ ಜೊತೆ ಮಗುವಿನ ಕೈಯನ್ನೂ ಎತ್ತಿ ಹಿಡಿದಳು. ಬೇಡ ಎನ್ನುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದ್ದು ಬರೀ ಶಾಸ್ತ್ರಕ್ಕೆ. ಹಿಂದಿನ ಸಾಲಿನಲ್ಲಿ, ಮೆತೋದಿಯ ಪಕ್ಕದಲ್ಲೇ, ಒಂದು ಕೈ ನೇರವಾಗಿ ಮೇಲೆದ್ದಿತು.

ಅದು ನೆವೆನಾಳದು. ಎಲ್ಲರೂ ತಿರುಗಿ ನೋಡಿದರೂ ಅವಳು ಕೈ ಇಳಿಸಲಿಲ್ಲ.